ಈ ವರ್ಷ ನಾವು ಆಚರಿಸುತ್ತಿಲ್ಲ

ಸಂಜೆ ಐದಾಯಿತೆಂದರೆ ಎವಾಂಥಿಯಾ ಮನೆಯೆಲ್ಲ ಸುತ್ತಿ ಒಂದೊಂದೇ ಸ್ವಿಚ್ಚು ಆರಿಸುತ್ತಿದ್ದಳು. ಒವನ್ ಆರಬೇಕು, ಟೀವಿ ಆರಬೇಕು, ಇಸ್ತ್ರಿಪೆಟ್ಟಿಗೆಯನ್ನಂತೂ ಕಣ್ಣಿಗೇ ಬೀಳದ ಹಾಗೆ ಕಪಾಟಿಗೆ ಸೇರಿಸಬೇಕು. ಕಾಫಿ ಬೇಕೆನಿಸಿದರೂ ಒಂಬತ್ತರವರೆಗೆ ತಡೆದುಕೊಳ್ಳಬೇಕು; ಆಮೇಲೆ ಕುಡಿದರೆ ಈ ವಯಸ್ಸಿನಲ್ಲಿ ನಿದ್ದೆ ಬಾರದು, ಹಾಗಾಗಿ ಕಾಫಿಯೇ ಇಲ್ಲ. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಕೇಳುತ್ತಿದ್ದದ್ದು ಎರಡೇ ಸದ್ದು. ಗಂಡ ಲಾಂಬಿಸನ ಮೂಗಿಗೆ ಆಮ್ಲಜನಕ ಊದುವ ಯಂತ್ರದ್ದು ಒಂದು, ಅವನು ಮಲಗುವ ಕೋಣೆಯ ಸಣ್ಣ ಏಸಿಯದು ಇನ್ನೊಂದು. ಎವಾಂಥಿಯಾ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿರುತ್ತಿದ್ದಳು.

ದಕ್ಷಿಣಾರ್ಧಗೋಳದ ನಮ್ಮ ರೆನ್ಮಾರ್ಕಿನಲ್ಲಿ ಫೆಬ್ರವರಿಯೆಂದರೆ ನಡುಬೇಸಿಗೆ, ದ್ರಾಕ್ಷಿ ಕೊಯ್ಲು, ನೊಣ, ನಲವತ್ತು ಡಿಗ್ರಿ ದಾಟುವ ಬಿಸಿಲು. ನದಿಯ ಕಡೆಯಿಂದ ಬರುವ ಗಾಳಿಯೂ ಒಲೆಯ ಬಾಯಿಂದ ಬಂದಂತಿರುತ್ತದೆ. ಅಂಥ ಊರಿನಲ್ಲಿ ಸಂಜೆ ಐದರಿಂದ ಒಂಬತ್ತರವರೆಗೆ ಕರೆಂಟು ಮುಟ್ಟಬೇಡಿ ಎಂದು ನಿಯಮ ಮಾಡಿದವನು ಇಲ್ಲಿ ಒಂದು ಬೇಸಿಗೆಯಾದರೂ ಕಳೆದಿರಲಾರ.

ಎವಾಂಥಿಯಾ ಫೋಟೋ ನೋಡಿ ಒಪ್ಪಿದ ಗಂಡನಿಗಾಗಿ ಹಡಗು ಹತ್ತಿ ಬಂದವಳು. ಅವಳ ಊರು ಗ್ರೀಕ್ ನಾಡಿನ ಲಕೋನಿಯಾದ ಗುಡ್ಡದ ಮೇಲಿತ್ತು. ಅವಳು ಹೊರಟಾಗ ಅಲ್ಲಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಫೋಟೋದಲ್ಲಿ ಲಾಂಬಿಸನಿಗೆ ತಲೆ ತುಂಬ ಕೂದಲಿತ್ತು. ಬಂದರಿನಲ್ಲಿ ಅವನು ಟೋಪಿ ತೆಗೆದಾಗ ನೋಡಿದರೆ ಅರ್ಧ ಬಯಲು. "ಹಳೇ ಫೋಟೋ ಕಳಿಸಿದ್ದೆ, ಹೊಸದು ತೆಗೆಸೋಕೆ ಪುರುಸೊತ್ತಾಗಲಿಲ್ಲ" ಎಂದಿದ್ದ. ಆ ಸುಳ್ಳನ್ನು ಎತ್ತಿ ಆಡಿಕೊಂಡೇ ಅವಳು ಇಡೀ ಸಂಸಾರ ಮಾಡಿದ್ದಾಳೆ. ಇಬ್ಬರೂ ಸೇರಿ ದ್ರಾಕ್ಷಿತೋಟ ಮಾಡಿದರು, ದ್ರಾಕ್ಷಿ ಒಣಗಿಸುವ ತಂತಿ ಅಟ್ಟಗಳನ್ನು ಕಟ್ಟಿದರು, ಒಬ್ಬ ಮಗಳನ್ನು ಬೆಳೆಸಿದರು. ಬಳ್ಳಿಗೆ ಎರಚಿದ ಗಂಧಕದ ಪುಡಿ, ಬಾಯಿಂದ ಇಳಿಯದ ಸಿಗರೇಟು, ಎರಡೂ ಒಟ್ಟಾಗಿ ಲಾಂಬಿಸನ ಶ್ವಾಸಕೋಶವನ್ನು ತಿಂದವು. ತೋಟ ಮಾರಿ ಪೇಟೆಯ ಈ ಮನೆಗೆ ಬಂದಮೇಲೆ ಅವನ ಲೋಕವೆಲ್ಲ ಮೂಗಿನ ನಳಿಗೆಯಷ್ಟು ಉದ್ದಕ್ಕೆ ಕುಗ್ಗಿತು.

ಹುಟ್ಟುಹಬ್ಬವನ್ನು ಲಾಂಬಿಸ್ ಎಂದೂ ಲೆಕ್ಕಕ್ಕೆ ಇಟ್ಟವನಲ್ಲ. ಅವನ ಪೂರ್ತಿ ಹೆಸರು ಹರಲಾಂಬೋಸ್. ಫೆಬ್ರವರಿ ಹತ್ತು ಸಂತ ಹರಲಾಂಬೋಸನ ದಿನ, ಅದೇ ಅವನ ಹೆಸರಿನ ದಿನ. ಅವತ್ತು ಸಂಜೆ ಮನೆಯ ಮುಂಭಾಗದ ಹಾಲ್ ಕೋಣೆಯನ್ನು ತೆರೆಯುತ್ತಾರೆ. ವರ್ಷವೆಲ್ಲ ಬಟ್ಟೆ ಹೊದಿಸಿ ಮುಚ್ಚಿಟ್ಟ ಕೋಣೆ ಅದು. ತೂಗುದೀಪ ಹತ್ತುತ್ತದೆ, ಗೋಡೆಯೊಳಗೆ ಕೂರಿಸಿದ ಹಳೆಯ ದೊಡ್ಡ ಏಸಿ ಗುಡುಗುತ್ತದೆ, ಒವನ್‌ನಿಂದ ತಟ್ಟೆ ತಟ್ಟೆ ಸೊಪ್ಪಿನ ಪಿಟಾ ಹೊರಬರುತ್ತದೆ. ಯಾರನ್ನೂ ಕರೆಯುವ ಹಾಗಿಲ್ಲ. ಹೆಸರಿನ ದಿನಕ್ಕೆ ಕರೆ ಕಳಿಸಿದವನನ್ನು ನಮ್ಮವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಜನ ತಾವಾಗಿ ಬರುತ್ತಾರೆ, ಮನೆಯವರು ಬಾಗಿಲು ತೆರೆದು ಕೂತಿರುತ್ತಾರೆ, ಅಷ್ಟೇ. ಲಾಂಬಿಸನಿಗೆ ಆ ಒಂದು ಸಂಜೆಯೆಂದರೆ ಪ್ರಾಣ. ಯಾರು ಬಂದರು, ಯಾರು ಎಷ್ಟು ಹೊತ್ತು ಕೂತರು ಎಂಬುದನ್ನು ಅವನು ಮುಂದಿನ ಕ್ರಿಸ್‌ಮಸ್‌ವರೆಗೂ ಮೆಲುಕು ಹಾಕುತ್ತಿದ್ದ.

ನವೆಂಬರಿನಲ್ಲಿ ಮೀಟರು ಬದಲಾಯಿತು. ತಟ್ಟೆ ತಿರುಗುವ ಹಳೆಯ ಮೀಟರನ್ನು ಕಿತ್ತು, ಹೊಸದು ಕೂರಿಸಿ, ಬಿಡಿಗಾಸೂ ಕೇಳದೆ ಹೋದರು. ಎವಾಂಥಿಯಾ ಮೀಟರು ಕೂರಿಸಿದ ಹುಡುಗನಿಗೆ ನಿಂಬೆಶರಬತ್ತು ಕೊಟ್ಟು ಕಳಿಸಿದಳು. ಕಾಗದಗಳೂ ಬಂದಿದ್ದವು, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಅವಳು ಅವನ್ನು ಹಣ್ಣಿನ ಬುಟ್ಟಿಯ ಕೆಳಗೆ ಇಟ್ಟಳು. ಕ್ರಿಸ್‌ಮಸ್ಸಿನ ಮುಂಚಿನ ಸೆಕೆಯ ಒಂದು ಸಂಜೆ ಒವನ್‌ನಲ್ಲಿ ರೊಟ್ಟಿ, ಮಷೀನಿನಲ್ಲಿ ಬಟ್ಟೆ, ಸೆಕೆ ತಾಳದೆ ಮುಚ್ಚಿದ ಹಾಲಿನದನ್ನೂ ಸೇರಿಸಿ ಎರಡೂ ಏಸಿ, ಎಲ್ಲ ಒಟ್ಟಿಗೆ ನಡೆದವು. ಮಿಕ್ಕ ದಿನಗಳಲ್ಲಿ ಎಂದಿನಂತೆ ಜುಗ್ಗತನವೇ. ಬಿಲ್ಲು ಬಂದಾಗ ಮೊತ್ತ ನೋಡಿ ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

ಮಗಳು ಪೊಲಿಕ್ಸೆನಿ ಪಕ್ಕದ ಬೆರಿ ಊರಿನಲ್ಲಿ ಕರಿದ ಮೀನಿನ ಅಂಗಡಿ ನಡೆಸುವವಳು. ಬೆಳಗ್ಗೆ ಬಂದು ಅಪ್ಪನ ಸ್ನಾನ ಮುಗಿಸಿ ಅಂಗಡಿಗೆ ಓಡುವುದು ಅವಳ ದಿನಚರಿ. ಅಮ್ಮನ ಎದುರು ಕೂತು ಬಿಲ್ಲನ್ನು ಬಿಡಿಸಿ ಹೇಳಿದಳು.

"ಅಮ್ಮ, ಕೇಳು. ಐದರಿಂದ ಒಂಬತ್ತರೊಳಗೆ ಯಾವ ದಿನ, ಯಾವ ಅರ್ಧ ಗಂಟೇಲಿ ನೀನು ಅತಿ ಹೆಚ್ಚು ಕರೆಂಟು ಎಳೀತೀಯೋ, ಅದೇ ಲೆಕ್ಕದಲ್ಲಿ ತಿಂಗಳಿನ ಎಲ್ಲಾ ದಿನಕ್ಕೂ ಹಣ ಹಾಕ್ತಾರೆ."

"ಒಂದು ದಿನ ಎಳೆದದ್ದಕ್ಕೆ?"

"ಒಂದೇ ದಿನ. ಒಂದೇ ಅರ್ಧ ಗಂಟೆ."

"ಮಿಕ್ಕ ದಿನ ದೀಪಾನೇ ಹಚ್ಚದಿದ್ರೆ?"

"ಆದ್ರೂ ಅಷ್ಟೇ."

ಎವಾಂಥಿಯಾ ಬಿಲ್ಲನ್ನು ಮಡಿಸಿ ಹಣ್ಣಿನ ಬುಟ್ಟಿಯ ಕೆಳಗೆ ತುರುಕಿದಳು. "ಪಾದ್ರಿಗಳೂ ಇಷ್ಟು ಬಿಗಿ ಇಲ್ವಲ್ಲೇ. ತಪ್ಪಾಯ್ತು ಅಂದ್ರೆ ಅವರು ಬಿಟ್ಟುಬಿಡ್ತಾರೆ."

ಪೊಲಿಕ್ಸೆನಿ ಕರೆಂಟು ಕಂಪನಿಗೆ ಫೋನು ಮಾಡಿದಳು. ಮೀನು ಕರಿಯುತ್ತಲೇ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಅವರು ಕಾಯಿಸುವಾಗ ಹಾಕುವ ಸಂಗೀತ ಕೇಳಿದಳು. ಕೊನೆಗೆ ಒಬ್ಬಳು ಬಂದು ಬಹಳ ಸಕ್ಕರೆ ದನಿಯಲ್ಲಿ, ಹೊಸ ಮೀಟರಿಗೆ ಹಳೆಯ ದರ ಇಲ್ಲವೆಂದಳು. ಮಧ್ಯಾಹ್ನ ಬಳಸಿ, ಮಧ್ಯಾಹ್ನ ತುಂಬ ಅಗ್ಗ ಎಂದಳು. ನಮ್ಮಪ್ಪ ಸಂಜೆಯೂ ಉಸಿರಾಡ್ತಾರಲ್ಲ ಎಂದು ಪೊಲಿಕ್ಸೆನಿ ಕೇಳಿದಾಗ, ಆಮ್ಲಜನಕದ ಯಂತ್ರಕ್ಕೆ ರಿಯಾಯಿತಿ ಆಗಲೇ ಕೊಟ್ಟಿದೆಯಲ್ಲ, ಬೇರೇನಾದರೂ ಸಹಾಯ ಬೇಕಿತ್ತೇ ಎಂದು ಅದೇ ದನಿಯಲ್ಲಿ ಕೇಳಿದಳು. ಆ ದನಿಗೆ ಬೈಯುವುದಕ್ಕೂ ಬರುವುದಿಲ್ಲ. ಅಮ್ಮನ ಬಿಲ್ಲನ್ನು ತಾನೇ ಕಟ್ಟೋಣವೆಂದರೆ ಪೊಲಿಕ್ಸೆನಿಯ ಅಂಗಡಿಯ ಬಾಣಲೆಗಳು ಕಾಯುವುದೂ ಐದರಿಂದ ಒಂಬತ್ತರವರೆಗೇ; ಅವಳ ಬಿಲ್ಲೇ ಅವಳ ಕತ್ತು ಹಿಸುಕುತ್ತಿತ್ತು.

ಜನವರಿಯಲ್ಲಿ ಆ ಬಿಲ್ಲಿನ ಹೊಡೆತ ತಾಳಲು ಎವಾಂಥಿಯಾ ಒಂದು ಸಂಜೆ ಲಾಂಬಿಸನ ಕೋಣೆಯ ಏಸಿಯನ್ನೂ ಆರಿಸಿ ನೋಡಿದಳು. ಏಳರ ಹೊತ್ತಿಗೆ ಅವನ ತುಟಿ ನೀಲಿಗಟ್ಟಿತು. ಆಂಬುಲೆನ್ಸು ಬಂತು. ಆಸ್ಪತ್ರೆಯಲ್ಲಿ ಡಾಕ್ಟರು, ಔಷಧಿಗಿಂತ ಮುಖ್ಯ ಕೋಣೆ ತಂಪಾಗಿರುವುದು ಎಂದರು. ಅವತ್ತಿನಿಂದ ಅವಳ ತಲೆಯಲ್ಲಿ ಒಂದೇ ಲೆಕ್ಕ. ಇನ್ನೊಮ್ಮೆ ಅಂಥ ಬಿಲ್ಲು ಬಂದರೆ ಆ ಸಣ್ಣ ಏಸಿ ನಿಲ್ಲುತ್ತದೆ, ಅದು ನಿಂತರೆ ಲಾಂಬಿಸನ ಉಸಿರೂ ನಿಲ್ಲುತ್ತದೆ.

ಅಷ್ಟರಲ್ಲಿ ಅವನು ದಿನ ಎಣಿಸಲು ಶುರುಮಾಡಿದ್ದ.

"ಈ ಸಲ ಯಾರ್ಯಾರು ಬರ್ತಾರೋ" ಎಂದ ಒಂದು ಬೆಳಗ್ಗೆ.

"ಬಿಸಿಲು ನೋಡಿದ್ಯಾ ಲಾಂಬಿ? ಮಧ್ಯಾಹ್ನ ಇಟ್ಕೊಂಡ್ರೆ ಹೇಗೆ?"

"ಮಧ್ಯಾಹ್ನ ಯಾರೇ ಬರ್ತಾರೆ? ಬೆಳಗಿನ ಜಾವ ಕೊಯ್ಲಿಗೆ ಹೋದೋರು ಆ ಹೊತ್ತಿಗೆ ಹೆಣದ ಹಾಗೆ ಬಿದ್ಕೊಂಡಿರ್ತಾರೆ. ಹೆಸರಿನ ದಿನ ಅಂದ್ರೆ ಸಂಜೆ. ದೀಪ ಕಂಡ್ರೆ ತಾನೆ ಜನ ಬರೋದು?"

ಬಿಲ್ಲಿನ ಸಂಗತಿಯನ್ನು ಅವಳು ಅವನಿಂದ ಮುಚ್ಚಿಟ್ಟಿದ್ದಳು. ಹೇಳಿದರೆ ಅವನು ಏನನ್ನುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಕೋಣೆಯ ಏಸಿ ಆರಿಸು, ಹಾಲಿನದು ಹಚ್ಚು ಎನ್ನುತ್ತಾನೆ. ಅಂದದ್ದನ್ನು ಮಾಡಿಯೂ ತೋರಿಸುವ ಆಸಾಮಿ.

ಹೆಸರಿನ ದಿನದ ಹಿಂದಿನ ಭಾನುವಾರ ಪ್ರಾರ್ಥನೆ ಮುಗಿದು ಚರ್ಚಿನ ಸಭಾಂಗಣದಲ್ಲಿ ಕಾಫಿಗೆ ನಿಂತಿದ್ದಾಗ ಗೆಳತಿ ದೆಸ್ಪಿನಾ ಹತ್ತಿರ ಬಂದಳು. ಊರಿನ ಸುದ್ದಿಯೆಲ್ಲ ಹಾದುಹೋಗುವ ದಾರಿ ಅವಳು. "ಶುಕ್ರವಾರ ಲಾಂಬಿಯ ದಿನ ಅಲ್ವಾ? ನಮ್ಮ ಮೆನೆಲಾಸ್ ಈಗಲೇ ಪಿಟಾ ಪಿಟಾ ಅಂತ ಬಾಯಿ ಚಪ್ಪರಿಸ್ತಾ ಇದಾನೆ ಕಣೇ" ಎಂದು ಗಂಡನನ್ನು ಆಡಿಕೊಂಡಳು.

ಎವಾಂಥಿಯಾ ಲೋಟದೊಳಗೆ ನೋಡುತ್ತ, "ಈ ವರ್ಷ ನಾವು ಆಚರಿಸ್ತಿಲ್ಲ" ಎಂದಳು.

ನಮ್ಮವರಲ್ಲಿ ಆ ಮಾತನ್ನು ಸೂತಕದ ಮನೆಯವರು ಮಾತ್ರ ಹೇಳುತ್ತಾರೆ. ಅವಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಕರೆಯದೆ ಬರುವ ಜನರನ್ನು ಬರಬೇಡಿ ಎನ್ನಲು ಅವಳಿಗೆ ಸಿಕ್ಕಿದ್ದು ಅದೊಂದೇ ಮಾತು. ದೀಪ ಹಚ್ಚುವ ತ್ರಾಣವಿಲ್ಲ ಎನ್ನುವುದಕ್ಕೆ ನಮ್ಮಲ್ಲಿ ಮಾತೇ ಇಲ್ಲ, ಇದ್ದರೂ ಅವಳು ಆಡುತ್ತಿರಲಿಲ್ಲ.

ದೆಸ್ಪಿನಾ ಅವಳ ತೋಳು ಹಿಡಿದಳು. "ಯಾರು? ಊರಲ್ಲಿ ಲಾಂಬಿಯ ಅಣ್ಣಾನಾ?"

"ಏನೂ ಕೇಳ್ಬೇಡ ಕಣೇ. ಲಾಂಬಿ ಮುಂದೆ ಮಾತ್ರ ಎತ್ಬೇಡ."

ಇಷ್ಟು ಸಾಕಾಯಿತು. ಲಕೋನಿಯಾದಲ್ಲಿದ್ದ ಅಣ್ಣ ಆರ್ಗಿರಿಸ್‌ಗೆ ತೊಂಬತ್ತು ದಾಟಿತ್ತು, ಕಿವಿ ಕೇಳದೆ ಅವನು ಫೋನು ಮುಟ್ಟುವುದನ್ನೇ ಬಿಟ್ಟಿದ್ದ. ಆ ಆರ್ಗಿರಿಸ್ ತೀರಿಕೊಂಡ, ಉಸಿರಿಗೆ ಒದ್ದಾಡುವ ತಮ್ಮನಿಗೆ ಸುದ್ದಿ ತಿಳಿಸಿಲ್ಲ ಎಂದು ಊರು ತಾನೇ ಕಥೆ ಪೂರ್ತಿ ಮಾಡಿಕೊಂಡಿತು. ಲಾಂಬಿಸನ ಎದುರು ಬಾಯಿ ಬಿಡಬಾರದು, ಸೂತಕದ ಮನೆಗೆ ಶುಭಾಶಯ ಹೇಳಿ ಫೋನೂ ಮಾಡಬಾರದು ಎಂದು ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಂಡರು. ನಮ್ಮ ಜನ ಕೊಟ್ಟ ಗುಟ್ಟನ್ನು ಎಂದೂ ಉಳಿಸಿಕೊಂಡವರಲ್ಲ. ಆ ಸಲ ಮಾತ್ರ, ಪಾಪ, ಅಚ್ಚುಕಟ್ಟಾಗಿ ಉಳಿಸಿಕೊಂಡರು.

ಶುಕ್ರವಾರ ಎವಾಂಥಿಯಾ ತನ್ನ ಉಪಾಯದಂತೆ ನಡೆದಳು. ಕರೆಂಟು ಅಗ್ಗವಿರುವ ಹೊತ್ತಿನಲ್ಲಿ ಹಾಲಿನ ದೊಡ್ಡ ಏಸಿ ಹಚ್ಚಿ ಐದರವರೆಗೆ ಓಡಿಸಿದಳು. ಕಿಟಕಿಯ ಶಟರುಗಳನ್ನು ಪೂರ್ತಿ ಇಳಿಸಿ, ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದಳು. ಗಂಡನಿಗೆ ಅನುಮಾನ ಬಾರದಿರಲೆಂದು ಮಧ್ಯಾಹ್ನವೇ ಒಂದು ತಟ್ಟೆ ಪಿಟಾ, ಸಕ್ಕರೆ ಪುಡಿ ಉದುರಿಸಿದ ಕುರಬಿಯೆ ಬಿಸ್ಕತ್ತು ಬೇಯಿಸಿದಳು. ಏಳರ ಹೊತ್ತಿಗೆ ಅವನಿಗೆ ದಣಿವಾಗುತ್ತದೆ, ಸೆಕೆಗೆ ಯಾರೂ ಬರಲಿಲ್ಲ ಎಂದು ಹೇಳಿ ಒಳಗೆ ಮಲಗಿಸಿದರೆ ಆಯಿತು ಎಂದುಕೊಂಡಳು. ಅವಳಿಗೆ ಹೊಳೆದದ್ದು ಅಷ್ಟೇ.

ಲಾಂಬಿಸ್ ತಾನೇ ಗಡ್ಡ ಹೆರೆದುಕೊಂಡ, ಮಧ್ಯೆ ಮಧ್ಯೆ ನಿಂತು ಉಸಿರು ಎಳೆದುಕೊಳ್ಳುತ್ತ. ಬಿಳಿ ಅಂಗಿ ಹಾಕಿಸಿಕೊಂಡು, ಉದ್ದನೆಯ ನಳಿಗೆ ಎಳೆದುಕೊಂಡು ಹಾಲಿನ ದೊಡ್ಡ ಕುರ್ಚಿಗೆ ಬಂದು ಬಾಗಿಲಿಗೆ ಮುಖ ಮಾಡಿ ಕೂತ. ಗೋಡೆಯುದ್ದಕ್ಕೂ ಕುರ್ಚಿಗಳನ್ನು ಸಾಲಾಗಿ ಹಾಕಿಸಿದ. ಮೇಜಿನ ಮೇಲಿನ ಸಣ್ಣ ದೀಪವೊಂದನ್ನು ಬಿಟ್ಟು ಬೇರೆ ಬೆಳಕಿರಲಿಲ್ಲ.

"ದೊಡ್ಡ ದೀಪ ಹಚ್ಚು."

"ಯಾರಾದ್ರೂ ಬರ್ಲಿ, ಹಚ್ತೀನಿ."

ಆರು ಕಳೆಯಿತು. ರಸ್ತೆಯಲ್ಲಿ ಒಂದು ಕಾರು ನಿಧಾನವಾಯಿತು. ಲಾಂಬಿಸ್ ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತ. "ಮೆನೆಲಾಸನ ಕಾರು. ಅವನು ಗೇರು ಬದಲಾಯಿಸೋ ಸದ್ದು ಊರಿಗೇ ಕೇಳುತ್ತೆ." ಕಾರು ಅಲ್ಲಿ ನಿಲ್ಲದೆ ಮುಂದೆ ಹೋಯಿತು. ಏಳು ದಾಟುವ ಹೊತ್ತಿಗೆ ಹಾಲಿನ ತಂಪೆಲ್ಲ ಇಳಿದುಹೋಗಿತ್ತು, ಅವನ ಕತ್ತಿನ ಮೇಲೆ ಬೆವರು ಹರಿಯುತ್ತಿತ್ತು. ಅವನು ಮಲಗಲು ಒಪ್ಪಲಿಲ್ಲ.

"ಫೋನು ಕೆಟ್ಟಿದೆಯೇನೋ ನೋಡು" ಎಂದ. "ಬೆಳಗಿಂದ ಒಂದೂ ಬಂದಿಲ್ಲ."

ಅವಳು ಎತ್ತಿ ಕಿವಿಗಿಟ್ಟಳು. ಫೋನು ಸರಿಯಾಗಿಯೇ ಗುಂಯ್ ಎನ್ನುತ್ತಿತ್ತು.

"ಸರಿ ಇದೆಯಾ?"

"ಇದೆ."

ಅವನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸಾಲು ಕುರ್ಚಿಗಳನ್ನು ನೋಡಿದ. ಆಮೇಲೆ ತಮಾಷೆಯ ಸುಳಿವೂ ಇಲ್ಲದೆ ಕೇಳಿದ, "ಎವಾಂಥಿಯಾ, ನಾನು ಇನ್ನೂ ಇದೀನಿ ಅಂತ ಜನಕ್ಕೆ ಗೊತ್ತಿದೆ ತಾನೆ?"

ಅದನ್ನು ತಾಳಿಕೊಳ್ಳುವುದು ಅವಳಿಂದ ಆಗಲಿಲ್ಲ. ಎದ್ದು ತೂಗುದೀಪ ಹಚ್ಚಿದಳು, ದೊಡ್ಡ ಏಸಿ ಹಾಕಿದಳು, ಪಿಟಾ ಬಿಸಿಮಾಡಲು ಒವನ್ ಹಚ್ಚಿದಳು. ಶಟರು ಎತ್ತಿ, ಜಗಲಿಯ ದೀಪಗಳನ್ನೂ ಹಚ್ಚಿದಳು. ಫೆಬ್ರವರಿ ಪೂರ್ತಿ ಹಾಳಾದರೆ ಹಾಳಾಗಲಿ, ಮಾರ್ಚಿನಲ್ಲಿ ಏನಾಗುತ್ತದೋ ಆಗಲಿ ಎಂದುಕೊಂಡಳು. ಲಾಂಬಿಸನ ಮುಖ ಅರಳಿತು. "ಹಾಂ, ಈಗ ಸರಿ. ದೀಪ ಇಲ್ಲದ ಮನೆಗೆ ಹೇಗೆ ಬರ್ತಾರೆ ಪಾಪ" ಎಂದು ಅಂಗಿಯ ಕಾಲರು ಸರಿಮಾಡಿಕೊಂಡ.

ಬೆಳಗುವ ಹಾಲಿನಲ್ಲಿ ಇಬ್ಬರೇ ಕೂತರು. ಅರ್ಧ ಗಂಟೆ ಕಳೆಯಿತು, ಇನ್ನೂ ಸ್ವಲ್ಪ ಕಳೆಯಿತು. ಯಾರೂ ಬರಲಿಲ್ಲ. ಎವಾಂಥಿಯಾ ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡು, ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಹೆಸರಿನ ದಿನಕ್ಕೆ ಫೋನು ಮಾಡಿ ಕರೆದಳು.

"ದೆಸ್ಪಿನಾ, ಬಾರೇ. ಮೆನೆಲಾಸನ್ನೂ ಕರ್ಕೊಂಡು ಈಗಲೇ ಬಾ." ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತಿಬಂತು. ಬಾಗಿಲಾಚೆಯಿಂದ ಲಾಂಬಿಸ್ ಯಾರು ಎಂದು ಕೂಗಿದ, ಅವಳು ಫೋನು ಇಟ್ಟುಬಿಟ್ಟಳು.

ಅಳು ಕೇಳಿದ ದೆಸ್ಪಿನಾ, ಲಾಂಬಿಸನಿಗೆ ಸಾವಿನ ಸುದ್ದಿ ತಿಳಿದುಹೋಯಿತೆಂದೇ ತಿಳಿದಳು. ಕಾಲು ಗಂಟೆಯೊಳಗೆ ಗಂಡಹೆಂಡತಿ ಬಾಗಿಲಲ್ಲಿದ್ದರು. ಅವಳು ಕಪ್ಪು ಬಟ್ಟೆ ಉಟ್ಟಿದ್ದಳು. ಮೆನೆಲಾಸನ ಕೈಯಲ್ಲಿ ಬ್ರಾಂದಿಯ ಬಾಟಲಿ, ಸಪ್ಪೆ ರಸ್ಕಿನ ಪೊಟ್ಟಣ ಇದ್ದವು. ಸಾವಿನ ಮನೆಗೆ ಒಯ್ಯುವುದು ಅದನ್ನೇ. ಎವಾಂಥಿಯಾ ನೋಡಿದಳು, ನೋಡಿದ ಕ್ಷಣವೇ ಅವಳಿಗೆ ಎಲ್ಲ ತಿಳಿಯಿತು. ತಡೆಯಲು ಕೈ ಎತ್ತುವಷ್ಟರಲ್ಲಿ ದೆಸ್ಪಿನಾ ಲಾಂಬಿಸನ ಬಳಿ ಹೋಗಿ ಬಾಗಿ ಅವನ ಎರಡೂ ಕೆನ್ನೆಗೆ ಮುತ್ತಿಟ್ಟಿದ್ದಳು.

"ನಿಮಗೆ ಆಯುಸ್ಸಿರಲಿ ಲಾಂಬಿ. ದೇವರು ಅವರಿಗೆ ಶಾಂತಿ ಕೊಡ್ಲಿ."

ನಗುತ್ತ ಮುಖ ಎತ್ತಿದ್ದ ಲಾಂಬಿಸ್ ಹಾಗೇ ಉಳಿದ. "ಯಾರಿಗೆ?"

ದೆಸ್ಪಿನಾ ಎವಾಂಥಿಯಾಳ ಕಡೆ ತಿರುಗಿದಳು. ಲಾಂಬಿಸನ ಉಸಿರು ಬಿಗಿಯಿತು. ಕೈ ನಳಿಗೆಯನ್ನು ಹುಡುಕಿತು. "ಅಣ್ಣಾನಾ? ಅಣ್ಣ ಹೋದನಾ? ನನಗೆ ಯಾಕೆ ಹೇಳಲಿಲ್ಲ ಎವಾಂಥಿಯಾ?"

"ಯಾರೂ ಹೋಗಿಲ್ಲ" ಎಂದಳು ಅವಳು. ಅವನ ಮುಂದೆ ಮಂಡಿಯೂರಿ ಅವನ ಮೊಣಕಾಲು ಹಿಡಿದುಕೊಂಡಳು. "ಅಣ್ಣ ಚೆನ್ನಾಗಿದಾನೆ. ಯಾರೂ ಸತ್ತಿಲ್ಲ ಲಾಂಬಿ. ನಾನೇ ಆಚರಿಸಲ್ಲ ಅಂದೆ."

"ಯಾಕೆ?"

ಅವಳು ಹೇಳಿದಳು. ಮೀಟರು, ಅರ್ಧ ಗಂಟೆ, ಕ್ರಿಸ್‌ಮಸ್ಸಿನ ಬಿಲ್ಲು, ಅವನ ನೀಲಿ ತುಟಿ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಹೇಳುತ್ತ ಹೋದಂತೆ ಅದು ಎಷ್ಟು ಸಣ್ಣ ಕಾರಣವೆಂದು ಅವಳಿಗೇ ನಾಚಿಕೆಯಾಯಿತು, ಹಾಗಾಗಿ ಮತ್ತೊಮ್ಮೆ ಹೇಳಿದಳು. ಮೆನೆಲಾಸ್ ರಸ್ಕಿನ ಪೊಟ್ಟಣವನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ.

"ನಾನು ಈಗಲೇ ಎಲ್ಲರಿಗೂ ಫೋನು ಮಾಡ್ತೀನಿ" ಎಂದಳು ದೆಸ್ಪಿನಾ. "ಹತ್ತು ನಿಮಿಷ ಸಾಕು, ಹಾಲ್ ತುಂಬುತ್ತೆ."

"ಬೇಡ" ಎಂದ ಲಾಂಬಿಸ್. ಅವನಿಗೆ ಉಸಿರು ಸಿಗಲು ಹೊತ್ತು ಹಿಡಿಯಿತು. "ಕರೆಸಿಕೊಂಡ ಜನ ನನಗೆ ಬೇಡ." ಆಮೇಲೆ ಹೆಂಡತಿಯ ತಲೆಯ ಮೇಲೆ ಕೈಯಿಟ್ಟ. "ಏಳು. ಹೋಗಿ ಎಲ್ಲ ಆರಿಸು. ಏಸಿ, ಒವನ್, ಈ ದೀಪ ಎಲ್ಲ. ಇನ್ನು ಯಾರಿಗೆ?"

ಎವಾಂಥಿಯಾ ಏಳಲಿಲ್ಲ. "ಈಗ ಆರಿಸಿ ಪ್ರಯೋಜನ ಇಲ್ಲ" ಎಂದಳು. "ಅರ್ಧ ಗಂಟೆ ಆಗಿಹೋಯ್ತು. ಇನ್ನು ಆರಿಸಿದ್ರೂ ಅಷ್ಟೇ, ಉರಿದ್ರೂ ಅಷ್ಟೇ."

ಲಾಂಬಿಸ್ ತೂಗುದೀಪವನ್ನು ನೋಡಿದ. ಮೆನೆಲಾಸ್ ಗೋಡೆಯ ಪಕ್ಕದ ಒಂದು ಕುರ್ಚಿಯಲ್ಲಿ ಕೂತ, ದೆಸ್ಪಿನಾ ಅವನ ಪಕ್ಕ ಕೂತಳು. ಯಾರೂ ಪಿಟಾ ಮುಟ್ಟಲಿಲ್ಲ. ಅಂದು ಇನ್ನೂ ಹತ್ತನೇ ತಾರೀಖು, ತಿಂಗಳು ಹಾಗೇ ಮುಂದಿತ್ತು, ಬಿಸಿಲು ಇಳಿಯುವ ಸೂಚನೆ ಎಲ್ಲೂ ಇರಲಿಲ್ಲ. ಈ ತಿಂಗಳ ಬಿಲ್ಲು ಕಟ್ಟಲು ಕಾಸು ಉಳಿಸಬೇಕೆಂದರೆ ಇನ್ನು ಆರಿಸಲು ಉಳಿದದ್ದು ಸಣ್ಣ ಏಸಿ ಒಂದೇ; ನಾಳೆ ಸಂಜೆ ಐದಕ್ಕೆ ಅದರ ಸ್ವಿಚ್ಚಿನ ಮುಂದೆ ನಿಂತು ತಾನು ಏನು ಮಾಡಬೇಕೆಂದು ಎವಾಂಥಿಯಾ ಯೋಚಿಸುತ್ತಿದ್ದಳು.